ಮನೆಯಲ್ಲಿ ರೋಗಿ, ದೂರದಲ್ಲಿ ಕಾವಲು

ಬೆನ್ನೆಲುಬಿನ ಎರಡು ಪಕ್ಕಗಳಲ್ಲಿ, ಸೊಂಟಕ್ಕಿಂತ ತುಸು ಮೇಲೆ, ಅಲಸಂದೆ ಬೀಜದ ಆಕಾರದ ಎರಡು ಮೂತ್ರಪಿಂಡಗಳಿವೆ. ಒಂದೊಂದೂ ಮುಷ್ಟಿಯಷ್ಟೇ ದೊಡ್ಡದು. ಗಾತ್ರ ಇಷ್ಟು ಚಿಕ್ಕದಾದರೂ ಇವುಗಳ ಕೆಲಸ ಅಚ್ಚರಿಗೊಳಿಸುವಂಥದು. ಒಂದೊಂದು ಮೂತ್ರಪಿಂಡದಲ್ಲಿಯೂ ಸುಮಾರು 10 ಲಕ್ಷ ಸೂಕ್ಷ್ಮ ಶೋಧಕಗಳಿವೆ. ಇವುಗಳ ಮೂಲಕ ದಿನಕ್ಕೆ ಸುಮಾರು 180 ಲೀಟರು ದ್ರವವು ರಕ್ತದಿಂದ ಸೋಸಿ ಬರುವುದು. ಅದರಲ್ಲಿ ದೇಹಕ್ಕೆ ಬೇಕಾದುದೆಲ್ಲ ಮರಳಿ ರಕ್ತವನ್ನು ಸೇರುವುದು; ಬೇಡವಾದ ಕಶ್ಮಲವು ಒಂದೆರಡು ಲೀಟರು ಮೂತ್ರವಾಗಿ ಹೊರಬೀಳುವುದು. ನಾವು ಓದುತ್ತಿರುವಾಗಲೂ, ಆಡುತ್ತಿರುವಾಗಲೂ, ನಿದ್ರಿಸುತ್ತಿರುವಾಗಲೂ ಈ ಕೆಲಸಕ್ಕೆ ಬಿಡುವಿಲ್ಲ.

ಸಕ್ಕರೆ ಕಾಯಿಲೆ, ರಕ್ತದೊತ್ತಡ ಮೊದಲಾದ ಕಾರಣಗಳಿಂದ ಈ ಶೋಧಕಗಳು ಒಂದೊಂದಾಗಿ ಹಾಳಾಗುವುದುಂಟು. ಬಹುಪಾಲು ಹಾಳಾಗುವವರೆಗೂ ರೋಗಿಗೆ ಅದರ ಸುಳಿವೇ ಹತ್ತದಿರಬಹುದು. ಕೊನೆಗೆ ರಕ್ತದಲ್ಲಿ ವಿಷಪದಾರ್ಥಗಳು ಸೇರುತ್ತ ಹೋಗುವುವು; ಕಾಲು ಮುಖಗಳು ಊದಿಕೊಳ್ಳುವುವು; ಊಟ ಸೇರದು, ಉಸಿರಾಟ ಕಷ್ಟವಾಗುವುದು. ಆಗ ಉಳಿಯುವ ದಾರಿಗಳು ಎರಡು. ಬೇರೊಬ್ಬರ ಮೂತ್ರಪಿಂಡವನ್ನು ಕಸಿಮಾಡುವುದು ಒಂದು. ರಕ್ತವನ್ನು ಕೃತಕವಾಗಿ ಶುದ್ಧಿಮಾಡುವುದು ಇನ್ನೊಂದು. ಈ ಎರಡನೆಯ ದಾರಿಯನ್ನೇ ಡಯಾಲಿಸಿಸ್ ಎನ್ನುವರು.

ಈ ಹೆಸರನ್ನು 1861ರಲ್ಲಿ ಬಳಕೆಗೆ ತಂದವನು ಸ್ಕಾಟ್ಲೆಂಡಿನ ರಸಾಯನ ವಿಜ್ಞಾನಿ ಥಾಮಸ್ ಗ್ರಹಾಮ್. ತೆಳುವಾದ ಪೊರೆಯೊಂದರ ಮೂಲಕ ಸಣ್ಣ ಕಣಗಳು ನುಸುಳಿಹೋಗುವುವು, ದೊಡ್ಡ ಕಣಗಳು ಹಿಂದೆ ಉಳಿಯುವುವು ಎಂಬುದನ್ನು ಆತ ತೋರಿಸಿಕೊಟ್ಟನು. ಈ ತತ್ತ್ವವನ್ನು ರೋಗಿಯ ಪ್ರಾಣ ಉಳಿಸಲು ಬಳಸಿದವನು ಹಾಲೆಂಡಿನ ವೈದ್ಯ ವಿಲೆಮ್ ಕೋಲ್ಫ್. ಎರಡನೆಯ ಮಹಾಯುದ್ಧದ ಕಾಲದಲ್ಲಿ, ಜರ್ಮನರ ಸೈನ್ಯ ತನ್ನ ದೇಶವನ್ನು ಆಕ್ರಮಿಸಿಕೊಂಡಿದ್ದಾಗ, 1943ರಲ್ಲಿ ಕಾಂಪೆನ್ ಎಂಬ ಊರಿನ ಆಸ್ಪತ್ರೆಯಲ್ಲಿ ಆತ ತನ್ನ ಯಂತ್ರವನ್ನು ಉಪಯೋಗಕ್ಕೆ ತಂದನು. ಮಾಂಸದ ಖಾದ್ಯವನ್ನು ತುಂಬಲು ಬಳಸುತ್ತಿದ್ದ ಸೆಲೋಫೇನ್ ಕೊಳವೆಯನ್ನು ಮರದ ಉರುಳೆಗೆ ಸುತ್ತಿ, ಅದರೊಳಗೆ ರಕ್ತವನ್ನು ಹರಿಯಿಸಿದನು. ಮೊದಲ ಎರಡು ವರ್ಷಗಳಲ್ಲಿ ಬಂದ ರೋಗಿಗಳಲ್ಲಿ ಬಹುಮಂದಿ ಉಳಿಯಲಿಲ್ಲ. ಆತ ಕೈಬಿಡಲಿಲ್ಲ. 1945ರಲ್ಲಿ ಪ್ರಜ್ಞೆ ತಪ್ಪಿದ್ದ 67 ವರ್ಷದ ಮಹಿಳೆಯೊಬ್ಬರು ಈ ಯಂತ್ರದ ನೆರವಿನಿಂದ ಕಣ್ಣು ತೆರೆದರು.

ಇಂದು ನಮ್ಮ ದೇಶದಲ್ಲಿ ಡಯಾಲಿಸಿಸ್ ಪಡೆಯುವವರಲ್ಲಿ ಹೆಚ್ಚಿನವರು ಆಸ್ಪತ್ರೆಗೆ ಹೋಗಿ ಯಂತ್ರದ ಪಕ್ಕದಲ್ಲಿ ಮಲಗುವರು. ವಾರಕ್ಕೆ ಮೂರು ಸಲ, ಸಲಕ್ಕೆ ನಾಲ್ಕು ಗಂಟೆ ಎಂಬುದು ಸಾಮಾನ್ಯ ಲೆಕ್ಕ. ಪಟ್ಟಣದವರಿಗೇ ಇದು ಪ್ರಯಾಸದ ಮಾತು. ಹಳ್ಳಿಯ ಕೂಲಿಕಾರನಿಗಾದರೆ ಬಸ್ಸಿನ ಖರ್ಚಿನೊಡನೆ ಅಂದಿನ ಕೂಲಿಯೂ ನಷ್ಟ. ಜೊತೆಗೆ ಬಂದವರ ಕೂಲಿಯೂ ನಷ್ಟ. ಚಿಕಿತ್ಸೆ ಉಚಿತವಾಗಿದ್ದರೂ ಅದನ್ನು ತಲುಪುವ ದಾರಿ ಉಚಿತವಲ್ಲ. ದಾರಿ ದೂರವೆಂದು ಒಂದು ವಾರ ತಪ್ಪಿಸಿದರೆ ಅದರ ಬೆಲೆಯನ್ನು ದೇಹವೇ ತೆರಬೇಕಾಗುವುದು.

ಹಾಗಾದರೆ ರೋಗಿ ಆಸ್ಪತ್ರೆಗೆ ಹೋಗುವ ಬದಲು ಚಿಕಿತ್ಸೆಯೇ ರೋಗಿಯ ಮನೆಗೆ ಬರಬಾರದೆ? ಈ ಪ್ರಶ್ನೆ ಹೊಸದಲ್ಲ. 1964ರಲ್ಲಿ ಅಮೆರಿಕದ ಸಿಯಾಟಲ್ ನಗರದಲ್ಲಿ ನಿಮ್ಮ ವಯಸ್ಸಿಗಿಂತ ತುಸು ಹಿರಿಯಳಾದ ಒಬ್ಬ ಹೈಸ್ಕೂಲು ವಿದ್ಯಾರ್ಥಿನಿಯ ಮೂತ್ರಪಿಂಡಗಳು ಕೆಲಸ ನಿಲ್ಲಿಸಿದುವು. ಆಗ ಯಂತ್ರಗಳು ಬಲು ವಿರಳ. ಯಾರಿಗೆ ಚಿಕಿತ್ಸೆ, ಯಾರಿಗೆ ಇಲ್ಲ ಎಂಬುದನ್ನು ಒಂದು ಸಮಿತಿ ನಿರ್ಧರಿಸುತ್ತಿತ್ತು. ಚಿಕ್ಕ ವಯಸ್ಸಿನವಳೆಂಬ ಕಾರಣಕ್ಕೆ ಆಕೆಗೆ ಅವಕಾಶ ದೊರೆಯಲಿಲ್ಲ. ಆಗ ವಾಷಿಂಗ್ಟನ್ ವಿಶ್ವವಿದ್ಯಾಲಯದ ಎಂಜಿನಿಯರಿಂಗ್ ಪ್ರಾಧ್ಯಾಪಕ ಆಲ್ಬರ್ಟ್ ಬ್ಯಾಬ್ ಮತ್ತು ಸಂಗಡಿಗರು ಕೆಲವೇ ತಿಂಗಳುಗಳಲ್ಲಿ ಮನೆಯಲ್ಲಿಡಬಹುದಾದ ಯಂತ್ರವನ್ನು ಕಟ್ಟಿಕೊಟ್ಟರು. ಏನಾದರೂ ಏರುಪೇರಾದರೆ ಎಚ್ಚರಿಸುವ ವ್ಯವಸ್ಥೆಯನ್ನು ಅದರಲ್ಲಿಯೇ ಅಳವಡಿಸಿದ್ದರು. ಮನೆಯಲ್ಲಿ ದಾದಿ ಇಲ್ಲ, ವೈದ್ಯರಿಲ್ಲ. ಆದುದರಿಂದ ಯಾವುದಾದರೊಂದು ಕಾವಲು ಬೇಕೇ ಬೇಕು ಎಂಬುದನ್ನು ಅವರು ಅಂದೇ ಅರಿತಿದ್ದರು. ನಮ್ಮ ಪಾಠದ ವಿಷಯವೂ ಈ ಕಾವಲೇ ಆಗಿದೆ.

ಮನೆಯಲ್ಲಿಯೇ ಮಾಡಿಕೊಳ್ಳಬಹುದಾದ ಇನ್ನೂ ಸರಳವಾದ ವಿಧಾನವೊಂದುಂಟು. ನಮ್ಮ ಹೊಟ್ಟೆಯ ಒಳಭಾಗಕ್ಕೆ ಪ್ರಕೃತಿಯೇ ಒಂದು ತೆಳುವಾದ ಪೊರೆಯನ್ನು ಹೊದಿಸಿದೆ. ಅದರ ಹೆಸರು ಪೆರಿಟೋನಿಯಮ್. ಅದರ ತುಂಬ ಸೂಕ್ಷ್ಮ ರಕ್ತನಾಳಗಳು ಹರಡಿಕೊಂಡಿವೆ. ಈ ಪೊರೆಯನ್ನೇ ಜರಡಿಯಾಗಿ ಬಳಸಿಕೊಳ್ಳಲು 1923ರಲ್ಲಿ ಜರ್ಮನಿಯ ವೈದ್ಯ ಗೇಯಾರ್ಗ್ ಗಾಂಟರ್ ಪ್ರಯತ್ನಿಸಿದನು. 1968ರಲ್ಲಿ ಹೆನ್ರಿ ಟೆಂಕಾಫ್ ಎಂಬ ವೈದ್ಯನು ಹೊಟ್ಟೆಯೊಳಗೆ ಬಹುಕಾಲ ಉಳಿಯಬಲ್ಲ ಮೆದುವಾದ ಕೊಳವೆಯನ್ನು ರೂಪಿಸಿದನು. 1976ರಲ್ಲಿ ಅಮೆರಿಕದ ಟೆಕ್ಸಾಸ್ ಪ್ರಾಂತದ ಪೊಪೊವಿಚ್ ಮತ್ತು ಮಾನ್‌ಕ್ರೀಫ್ ಎಂಬುವರು, ರೋಗಿಯು ನಡೆದಾಡುತ್ತಲೇ ಹಗಲಿರುಳೂ ರಕ್ತಶುದ್ಧಿ ಪಡೆಯಬಹುದಾದ ಕ್ರಮವನ್ನು ವಿವರಿಸಿದರು. ನಮ್ಮ ದೇಶಕ್ಕೆ ಈ ಕ್ರಮ ಕಾಲಿಟ್ಟದ್ದು 1991ರಲ್ಲಿ.

ಇದರ ತತ್ತ್ವವನ್ನು ಅಡುಗೆಮನೆಯಲ್ಲಿಯೇ ಕಾಣಬಹುದು. ಉಪ್ಪಿನಕಾಯಿಗೆಂದು ಮಾವಿನ ಹೋಳುಗಳಿಗೆ ಉಪ್ಪು ಬೆರೆಸಿ ಜಾಡಿಯಲ್ಲಿ ಇಟ್ಟರೆ ಮರುದಿನ ಹೋಳುಗಳು ನೀರು ಬಿಟ್ಟುಕೊಂಡಿರುವುದಷ್ಟೆ. ಹೊರಗಿನ ಉಪ್ಪು ಹೋಳಿನೊಳಗಿನ ನೀರನ್ನು ಸೆಳೆಯುವುದು. ಹಾಗೆಯೇ ಗ್ಲೂಕೋಸ್ ಬೆರೆತ ಸುಮಾರು ಎರಡು ಲೀಟರು ಶುದ್ಧ ದ್ರವವನ್ನು ಕೊಳವೆಯ ಮೂಲಕ ಹೊಟ್ಟೆಯೊಳಕ್ಕೆ ಬಿಟ್ಟರೆ, ಆ ಗ್ಲೂಕೋಸು ರಕ್ತದಲ್ಲಿರುವ ಹೆಚ್ಚಿನ ನೀರನ್ನು ಪೊರೆಯ ಮೂಲಕ ಸೆಳೆಯುವುದು. ರಕ್ತದ ಕಶ್ಮಲವೂ ಅದೇ ಪೊರೆಯನ್ನು ದಾಟಿ ದ್ರವವನ್ನು ಸೇರುವುದು. ನಾಲ್ಕರಿಂದ ಆರು ಗಂಟೆಗಳ ತರುವಾಯ ಆ ದ್ರವವನ್ನು ಬರಿಯ ಚೀಲವೊಂದಕ್ಕೆ ಇಳಿಸಿ, ಹೊಸ ದ್ರವವನ್ನು ತುಂಬುವರು. ಹೀಗೆ ದಿನಕ್ಕೆ ಸಾಮಾನ್ಯವಾಗಿ ನಾಲ್ಕು ಸಲ. ಪ್ರತಿಸಲವೂ ಸುಮಾರು ಅರ್ಧ ಗಂಟೆಯ ಕೆಲಸ. ವಿದ್ಯುತ್ತು ಬೇಕಿಲ್ಲ, ಸೂಜಿ ಚುಚ್ಚಬೇಕಾಗಿಲ್ಲ. ನಡುವಿನ ಹೊತ್ತಿನಲ್ಲಿ ರೋಗಿ ತನ್ನ ಕೆಲಸ ತಾನು ಮಾಡಿಕೊಂಡಿರಬಹುದು.

ಇಷ್ಟು ಸೌಕರ್ಯವಿದ್ದರೂ ಒಂದು ಅಪಾಯ ಬೆನ್ನಿಗೇ ಇರುವುದು. ಹೊರಗಿನ ಲೋಕಕ್ಕೂ ಹೊಟ್ಟೆಯ ಒಳಭಾಗಕ್ಕೂ ನಡುವೆ ಒಂದು ಕೊಳವೆ ಬಾಗಿಲಿನಂತೆ ಇರುವುದಷ್ಟೆ. ತೊಳೆಯದ ಬೆರಳು ಅದರ ತುದಿಗೆ ತಾಗಿದರೂ ಸಾಕು, ರೋಗಾಣುಗಳು ಒಳಹೊಕ್ಕು ಪೊರೆಗೆ ಸೋಂಕು ತಗಲಬಹುದು. ಆದುದರಿಂದ ಕೈಗಳನ್ನು ಸಾಬೂನಿನಿಂದ ಚೆನ್ನಾಗಿ ತೊಳೆದು, ಬಾಯಿಗೆ ವಸ್ತ್ರ ಕಟ್ಟಿ, ಬಾಗಿಲು ಕಿಟಕಿಗಳನ್ನು ಮುಚ್ಚಿ, ಫ್ಯಾನು ನಿಲ್ಲಿಸಿ ಈ ಕೆಲಸವನ್ನು ಮಾಡಬೇಕು. ಸೋಂಕು ತಗಲಿದರೆ ಹೊರಬರುವ ದ್ರವವು ತಿಳಿಯಾಗಿರದೆ ಮಬ್ಬಾಗುವುದು. ಇದನ್ನು ಪರೀಕ್ಷಿಸಲು ದಾದಿಯರು ರೋಗಿಗಳಿಗೆ ಸುಲಭವಾದ ಉಪಾಯವೊಂದನ್ನು ಹೇಳಿಕೊಡುವರು. ದ್ರವ ತುಂಬಿದ ಚೀಲವನ್ನು ವೃತ್ತಪತ್ರಿಕೆಯ ಮೇಲಿಟ್ಟು ಅಕ್ಷರಗಳನ್ನು ಓದಿ ನೋಡಬೇಕು. ಅಕ್ಷರ ಸ್ಪಷ್ಟವಾಗಿ ಕಂಡರೆ ಕ್ಷೇಮ, ಮಸುಕಾದರೆ ಎಚ್ಚರ. ಆಗ ತಡಮಾಡಿದರೆ ಕೊಳವೆಯನ್ನೇ ತೆಗೆಯಬೇಕಾಗಬಹುದು. ಪೊರೆ ಶಾಶ್ವತವಾಗಿ ಕೆಡಬಹುದು. ಪ್ರಾಣಕ್ಕೂ ಸಂಚಕಾರ ಬರಬಹುದು. ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ತೆಗೆದುಕೊಳ್ಳಬೇಕಾದ ಪರಿಸ್ಥಿತಿ ಎಂದರೆ ಇದೇ.

ಮೊದಲಿನಿಂದಲೂ ಇಂಥ ರೋಗಿಗಳು ಒಂದು ನೋಟುಪುಸ್ತಕವನ್ನು ಇಟ್ಟುಕೊಂಡು, ಪ್ರತಿದಿನದ ದೇಹತೂಕ, ರಕ್ತದೊತ್ತಡ, ಒಳಹೋದ ದ್ರವವೆಷ್ಟು, ಹೊರಬಂದುದೆಷ್ಟು ಎಂಬುದನ್ನು ಬರೆದಿಡುವ ಪದ್ಧತಿ ಉಂಟು. ತಿಂಗಳಿಗೊಮ್ಮೆ ಆಸ್ಪತ್ರೆಗೆ ಹೋದಾಗ ಅದನ್ನು ವೈದ್ಯರ ಮುಂದಿಡುವರು. ಪದ್ಧತಿಯೇನೋ ಒಳ್ಳೆಯದೇ. ಆದರೆ 3ನೆಯ ತಾರೀಖಿನಂದು ಆರಂಭವಾದ ತೊಂದರೆ 30ನೆಯ ತಾರೀಖಿನಂದು ವೈದ್ಯರ ಕಣ್ಣಿಗೆ ಬಿದ್ದರೆ ಪ್ರಯೋಜನವೇನು? ಪುಸ್ತಕವು ನಡೆದುದನ್ನು ಹೇಳಬಲ್ಲದು. ನಡೆಯುತ್ತಿರುವಾಗ ಕೂಗಿ ಕರೆಯಲಾರದು.

ಈ ಕೊರತೆಯನ್ನು ತುಂಬಲು ಬಂದದ್ದೇ ಸ್ಮಾರ್ಟ್‌ಫೋನು. ಅದರಲ್ಲಿ ಅಳವಡಿಸುವ, ನಿರ್ದಿಷ್ಟ ಕೆಲಸಕ್ಕೆಂದು ಸಿದ್ಧಪಡಿಸಿದ ಕಾರ್ಯಕ್ರಮಗಳನ್ನು ಆ್ಯಪ್‌ಗಳೆಂದು ಕರೆಯುವುದು ನಿಮಗೆಲ್ಲ ತಿಳಿದೇ ಇದೆ. ಮನೆಯ ಡಯಾಲಿಸಿಸ್‌ಗೆಂದು ರೂಪಿಸಿದ ಆ್ಯಪ್‌ನಲ್ಲಿ ರೋಗಿಯು ದಿನದ ಅಂಕಿಗಳನ್ನು ತುಂಬುವನು. ಕೊಳವೆಯು ಚರ್ಮದಿಂದ ಹೊರಬರುವ ಜಾಗದ ಚಿತ್ರವನ್ನೂ, ದ್ರವದ ಚೀಲದ ಚಿತ್ರವನ್ನೂ ತೆಗೆದು ಕಳುಹಿಸುವನು. ಅವು ಆಗಿಂದಾಗ್ಗೆ ಆಸ್ಪತ್ರೆಯ ದಾದಿಗೆ ತಲುಪುವುವು. ಅಂಕಿಗಳು ಗೊತ್ತುಮಾಡಿದ ಮಿತಿಯನ್ನು ಮೀರಿದರೆ ಆಕೆಗೆ ಎಚ್ಚರಿಕೆ ದೊರೆಯುವುದು. ಕೈತೊಳೆಯುವ ಕ್ರಮ, ಚೀಲ ಬದಲಾಯಿಸುವ ಕ್ರಮ ಇವುಗಳ ಚಲಚಿತ್ರವನ್ನು ರೋಗಿಯು ಮರೆತಾಗಲೆಲ್ಲ ನೋಡಿಕೊಳ್ಳಬಹುದು. ಅವಶ್ಯವಾದರೆ ವೈದ್ಯರೊಡನೆ ಮುಖಾಮುಖಿಯಾಗಿ ಮಾತನಾಡಲೂಬಹುದು.

ಇದು ಹೇಗೆ ಉಪಯೋಗಕ್ಕೆ ಬರುವುದೆಂಬುದನ್ನು ಅರಿಯಲು ಒಂದು ಸಂದರ್ಭವನ್ನು ಕಲ್ಪಿಸಿಕೊಳ್ಳೋಣ. ಮಲೆನಾಡಿನ ಒಂಟಿಮನೆಯೊಂದರಲ್ಲಿ ಅಜ್ಜಿಯೊಬ್ಬರು ಈ ಚಿಕಿತ್ಸೆ ಪಡೆಯುತ್ತಿದ್ದಾರೆ. ಅವರ ತೂಕ ಸೋಮವಾರ 52 ಕಿಲೋಗ್ರಾಂ; ಮಂಗಳವಾರ 52.6, ಬುಧವಾರ 53.3, ಗುರುವಾರ 54. ಒಂದೊಂದು ದಿನದ ಅಂಕಿಯನ್ನು ಬಿಡಿಯಾಗಿ ನೋಡಿದರೆ ಭಯಪಡುವಂಥದೇನೂ ಇಲ್ಲ. ಸಾಲಾಗಿ ನೋಡಿದರೆ ಮಾತು ಬೇರೆ. ಮೂರು ದಿನಗಳಲ್ಲಿ ಎರಡು ಕಿಲೋಗ್ರಾಂ ಏರಿರುವುದು ಊಟದಿಂದಲ್ಲ. ದೇಹದಲ್ಲಿ ನೀರು ನಿಲ್ಲುತ್ತಿರುವುದರಿಂದ. ನಗರದಲ್ಲಿ ಕುಳಿತ ದಾದಿ ಆ ಏರುಗೆರೆಯನ್ನು ಕಂಡು ಕರೆಮಾಡುವಳು. “ಅಜ್ಜಿ, ಪಾದ ಊದಿದೆಯೇ ಒತ್ತಿ ನೋಡಿಕೊಳ್ಳಿ. ಚೀಲದಿಂದ ನೀರು ಪೂರ್ತಿ ಇಳಿಯುತ್ತಿದೆಯೇ?” ಎಂದು ವಿಚಾರಿಸುವಳು. ವೈದ್ಯರನ್ನು ಕೇಳಿ, ದ್ರವದಲ್ಲಿ ಯಾವ ಬದಲಾವಣೆ ಬೇಕೆಂಬುದನ್ನು ತಿಳಿಸುವಳು. ಉಸಿರು ಕಟ್ಟಿ ಆಸ್ಪತ್ರೆಗೆ ಓಡಬೇಕಾಗಿದ್ದ ಸಂಕಟ ಹೀಗೆ ತಪ್ಪುವುದು.

ಇನ್ನೊಂದು ದಿನ ಬೆಳಗ್ಗೆ ಚೀಲದ ನೀರು ಮಬ್ಬಾಗಿದೆ. ಅಜ್ಜಿಗೆ ಕಣ್ಣು ಮಂದ. ಅವರು “ಮೋಡದ ದಿನ, ಬೆಳಕಿಲ್ಲ, ಅದಕ್ಕೇ ಹೀಗೆ ಕಾಣುತ್ತದೆ” ಎನ್ನುವರು. ಮೊಮ್ಮಗನು ಚೀಲವನ್ನು ಪತ್ರಿಕೆಯ ಮೇಲಿಟ್ಟು ಚಿತ್ರ ತೆಗೆದು ಕಳುಹಿಸುವನು. “ಈಗಲೇ ಹೊರಡಿ. ಆ ಚೀಲವನ್ನು ಚೆಲ್ಲಬೇಡಿ, ಹಾಗೆಯೇ ತನ್ನಿ, ಪರೀಕ್ಷೆ ಮಾಡಬೇಕು” ಎಂದು ಉತ್ತರ ಬರುವುದು. ಅಂದೇ ಔಷಧ ಆರಂಭವಾಗುವುದು. ಇಲ್ಲಿ ಫೋನು ರೋಗವನ್ನು ಗುಣಪಡಿಸಲಿಲ್ಲ. ಒಂದೆರಡು ದಿನಗಳನ್ನು ಉಳಿಸಿಕೊಟ್ಟಿತು. ಇಂಥ ರೋಗದಲ್ಲಿ ಅಷ್ಟೇ ಬಹು ದೊಡ್ಡ ಉಪಕಾರ.

ದೂರದಿಂದ ವೈದ್ಯ ಸಹಾಯ ಒದಗಿಸುವ ಪ್ರಯತ್ನ ನಮ್ಮ ನಾಡಿಗೆ ಹೊಸದೇನೂ ಅಲ್ಲ. 2002ರಲ್ಲಿಯೇ ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯನ್ನೂ ಸರಗೂರಿನ ವಿವೇಕಾನಂದ ಸ್ಮಾರಕ ಆಸ್ಪತ್ರೆಯನ್ನೂ ಭಾರತೀಯ ಬಾಹ್ಯಾಕಾಶ ಸಂಶೋಧನ ಸಂಸ್ಥೆಯ ಉಪಗ್ರಹದ ಮೂಲಕ ಬೆಂಗಳೂರಿನ ನಾರಾಯಣ ಹೃದಯಾಲಯಕ್ಕೆ ಜೋಡಿಸಲಾಯಿತು. ಅಂದು ಉಪಗ್ರಹ ಮಾಡುತ್ತಿದ್ದ ಕೆಲಸದ ಒಂದು ಭಾಗವನ್ನು ಇಂದು ಅಂಗಿಯ ಜೇಬಿನ ಫೋನು ಮಾಡಬಲ್ಲದು. ನೆರೆಯ ಹೈದರಾಬಾದಿನಲ್ಲಿ ಮೂತ್ರಪಿಂಡ ತಜ್ಞರಾದ ಕೆ. ಎಸ್. ನಾಯಕ್ ಮತ್ತು ಅವರ ಸಂಗಡಿಗರು ಮನೆಯಲ್ಲಿ ಡಯಾಲಿಸಿಸ್ ಮಾಡಿಕೊಳ್ಳುವವರನ್ನು ಮೊಬೈಲು ಫೋನು, ಸಂದೇಶ, ಚಿತ್ರಗಳ ಸಹಾಯದಿಂದ ದೂರದಿಂದಲೇ ನೋಡಿಕೊಂಡರು. ಜೊತೆಗೆ ತರಬೇತಾದ ಕಾರ್ಯಕರ್ತರು ರೋಗಿಗಳ ಮನೆಗೆ ಹೋಗಿಬರುತ್ತಿದ್ದರು. ನಗರದವರನ್ನೂ ಹಳ್ಳಿಯವರನ್ನೂ ಹೋಲಿಸಿ ಅವರು 2012ರಲ್ಲಿ ವರದಿ ಪ್ರಕಟಿಸಿದರು. ಹಳ್ಳಿಯ ರೋಗಿಗಳು ನಗರದವರಿಗಿಂತ ಹಿಂದೆ ಬೀಳಲಿಲ್ಲವೆಂಬುದು ಅದರಿಂದ ತಿಳಿಯಿತು. ದೂರವಿದ್ದ ಮಾತ್ರಕ್ಕೆ ಆರೈಕೆ ಕೀಳಾಗಬೇಕಿಲ್ಲವೆಂಬುದಕ್ಕೆ ಇದು ಸಾಕ್ಷಿ.

ಸರಕಾರವೂ ಈ ದಿಕ್ಕಿನಲ್ಲಿ ಹೆಜ್ಜೆ ಇಟ್ಟಿದೆ. 2016ರಲ್ಲಿ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮ ಪ್ರಕಟವಾಯಿತು. ಮನೆಯಲ್ಲಿ ಮಾಡಿಕೊಳ್ಳುವ ಪೆರಿಟೋನಿಯಲ್ ಡಯಾಲಿಸಿಸ್‌ಗೆ ಸಂಬಂಧಿಸಿದ ಮಾರ್ಗದರ್ಶಿ ಸೂತ್ರಗಳು 2019ರಲ್ಲಿ ಬಂದುವು. 2020ರಲ್ಲಿ ಕೋವಿಡ್ ಪಿಡುಗಿನಿಂದ ರಸ್ತೆಗಳೆಲ್ಲ ಬರಿದಾಗಿ, ಆಸ್ಪತ್ರೆಗೆ ಹೋಗುವುದೇ ಕಷ್ಟವಾದಾಗ ದೂರಚಿಕಿತ್ಸೆಯ ಬೆಲೆ ಎಲ್ಲರಿಗೂ ಅರಿವಾಯಿತು. ವೈದ್ಯರು ದೂರದಿಂದ ಸಲಹೆ ನೀಡುವಾಗ ಅನುಸರಿಸಬೇಕಾದ ನಿಯಮಗಳನ್ನು ಅದೇ ವರ್ಷದ ಮಾರ್ಚ್ ತಿಂಗಳಿನಲ್ಲಿ ಪ್ರಕಟಿಸಲಾಯಿತು. ರಾತ್ರಿಯ ನಿದ್ರೆಯಲ್ಲಿಯೇ ದ್ರವವನ್ನು ಬದಲಾಯಿಸುವ ಯಂತ್ರಗಳೂ ಇವೆ. ಅವುಗಳಲ್ಲಿ ಕೆಲವು ರಾತ್ರಿಯ ವಿವರವನ್ನು ತಾವಾಗಿಯೇ ಆಸ್ಪತ್ರೆಗೆ ಕಳುಹಿಸುವುವು. ವೈದ್ಯರು ಆಸ್ಪತ್ರೆಯಲ್ಲಿ ಕುಳಿತೇ ಯಂತ್ರದ ಕ್ರಮವನ್ನು ತಿದ್ದಬಹುದು.

ಇಷ್ಟು ಹೇಳಿದ ಮೇಲೆ ಇದರ ಮಿತಿಗಳನ್ನೂ ಹೇಳುವುದು ಅವಶ್ಯ. ಮಳೆಗಾಲದಲ್ಲಿ ವಿದ್ಯುತ್ತು ಹೋಗಿ, ಫೋನಿನ ಸಂಪರ್ಕ ಕಡಿದುಹೋಗುವ ಊರುಗಳು ನಮ್ಮಲ್ಲಿ ಬಹಳ. ಮಂದ ಬೆಳಕಿನಲ್ಲಿ ತೆಗೆದ ಚಿತ್ರ ತಿಳಿನೀರನ್ನು ಮಬ್ಬಾಗಿಯೂ ಮಬ್ಬುನೀರನ್ನು ತಿಳಿಯಾಗಿಯೂ ತೋರಿಸಬಹುದು. ಫೋನು ಹೊಟ್ಟೆಯನ್ನು ಮುಟ್ಟಿ ನೋಡಲಾರದು. ಹೊಟ್ಟೆನೋವು, ಜ್ವರ, ಉಸಿರಾಟದ ತೊಂದರೆ ಕಂಡಾಗ ಉತ್ತರಕ್ಕಾಗಿ ಕಾಯುತ್ತ ಕೂರದೆ ಆಸ್ಪತ್ರೆಗೆ ಧಾವಿಸಬೇಕು. ರೋಗಿಯ ದೇಹದ ಚಿತ್ರ, ಕಾಯಿಲೆಯ ವಿವರ ಇವು ಅವನ ಸ್ವಂತ ವಿಷಯಗಳು. ಅವು ಕಂಡವರ ಕೈಸೇರದಂತೆ ಕಾಪಾಡುವುದು ಆಸ್ಪತ್ರೆಯ ಹೊಣೆ, ಮನೆಯವರ ಹೊಣೆಯೂ ಹೌದು. ಎಲ್ಲಕ್ಕಿಂತ ಮಿಗಿಲಾಗಿ, ಬಂದ ಸಂದೇಶವನ್ನು ಓದುವ ಒಬ್ಬ ದಾದಿ ಆ ಕಡೆಯಲ್ಲಿ ಇರಲೇಬೇಕು. ನೂರು ರೋಗಿಗಳ ಅಂಕಿಗಳನ್ನು ತರಿಸಿಕೊಂಡು ಓದುವವರನ್ನು ನೇಮಿಸದಿದ್ದರೆ, ಆ ಆ್ಯಪ್ ಯಾರೂ ಬೀಗ ತೆಗೆಯದ ಅಂಚೆಪೆಟ್ಟಿಗೆಯಂತಾಗುವುದು. ಕಾಗದ ಹಾಕಿದವನು ತಲುಪಿತೆಂದು ನಂಬಿ ನಿಶ್ಚಿಂತನಾಗಿರುವನು. ಕಾಗದವಾದರೋ ಪೆಟ್ಟಿಗೆಯಲ್ಲಿಯೇ ಉಳಿದಿರುವುದು. ಕಾವಲಿಲ್ಲದಿರುವುದಕ್ಕಿಂತ ಕಾವಲಿದೆಯೆಂಬ ಹುಸಿನಂಬಿಕೆ ಹೆಚ್ಚು ಅಪಾಯಕರ.

ಈ ಕಡೆಯವರಿಗೂ ಒಂದು ಹೊಣೆಯುಂಟು. ಅದು ಸತ್ಯವನ್ನೇ ಬರೆಯುವ ಹೊಣೆ. ನೀರು ಹೆಚ್ಚು ಕುಡಿದುದಕ್ಕೆ ದಾದಿ ಗದರುವಳೆಂದು ಹೆದರಿ ತೂಕವನ್ನು ಒಂದು ಕಿಲೋ ಕಡಿಮೆ ಬರೆಯುವವರುಂಟು. ಅಳೆಯಲು ಬೇಸರಪಟ್ಟು ನಿನ್ನೆಯ ಅಂಕಿಯನ್ನೇ ಇಂದೂ ತುಂಬುವವರುಂಟು. ಇದರಿಂದ ಮೋಸಹೋಗುವವಳು ದಾದಿಯಲ್ಲ, ರೋಗಿಯೇ. ಸುಳ್ಳು ಅಂಕಿಯನ್ನು ಆಧರಿಸಿ ಕೊಟ್ಟ ಸಲಹೆಯೂ ಸುಳ್ಳಾಗುವುದು. ಹಾಗೆಯೇ ದಾದಿಯೂ ಗದರಬಾರದು. ನಿಜ ಹೇಳಿದವರಿಗೆ ಶಿಕ್ಷೆಯಾದರೆ ಮತ್ತೆ ಯಾರು ನಿಜ ಹೇಳುವರು?

ವಿದ್ಯಾರ್ಥಿಗಳೇ, ಈ ಪಾಠವನ್ನು ನಿಮಗೆ ಹೇಳುವುದಕ್ಕೆ ವಿಶೇಷ ಕಾರಣವಿದೆ. ಅನೇಕ ಮನೆಗಳಲ್ಲಿ ಫೋನನ್ನು ಚೆನ್ನಾಗಿ ಬಲ್ಲವರು ಮಕ್ಕಳೇ. ಇಂಗ್ಲಿಷಿನಲ್ಲಿ ಬಂದ ಸೂಚನೆಯನ್ನು ಅಜ್ಜ ಅಜ್ಜಿಯರಿಗೆ ಕನ್ನಡದಲ್ಲಿ ಓದಿ ಹೇಳುವವರು ನೀವೇ. ನಿಮ್ಮ ಮನೆಯಲ್ಲಿಯೋ ನೆರೆಮನೆಯಲ್ಲಿಯೋ ಇಂಥ ರೋಗಿಯೊಬ್ಬರಿದ್ದರೆ ಆಟದ ನಡುವೆ ಐದು ನಿಮಿಷ ಬಿಡುವು ಮಾಡಿಕೊಂಡು ತೂಕದ ಮುಳ್ಳನ್ನು ಸರಿಯಾಗಿ ಓದಿ ಹೇಳಿರಿ, ಓದಿದುದನ್ನೇ ಬರೆಯಿರಿ. ತಿಳಿಯದ ಸೂಚನೆಯನ್ನು ಊಹಿಸಿ ಹೇಳದೆ ಆಸ್ಪತ್ರೆಗೆ ಕರೆಮಾಡಿ ಕೇಳಿರಿ. ಇದು ಚಿಕ್ಕ ಕೆಲಸವೆಂದು ಕಡೆಗಣಿಸಬೇಡಿರಿ.

ಗ್ರಹಾಮನ ಪೊರೆ, ಕೋಲ್ಫನ ಉರುಳೆ, ಟೆಂಕಾಫನ ಕೊಳವೆ, ಇಂದಿನ ಫೋನು ಇವೆಲ್ಲವೂ ಮನುಷ್ಯನ ಬುದ್ಧಿಯಿಂದ ಹುಟ್ಟಿದುವು. ಇವುಗಳ ಹಿಂದೆ, ಇನ್ನೊಬ್ಬನ ನೋವು ತನಗೆ ಸಂಬಂಧಿಸಿದ್ದೆಂದು ಬಗೆದ ಹೃದಯಗಳೂ ಇದ್ದುವು. ದೂರದ ಮನೆಯಿಂದ ಬಂದ ಒಂದು ಅಂಕಿಯನ್ನು ಕಂಡೊಡನೆ ಅದರ ಹಿಂದಿರುವ ಮನುಷ್ಯನನ್ನು ನೆನೆಯುವ ದಾದಿ ಇರುವಷ್ಟು ಕಾಲ, ಒಂಟಿಮನೆಯ ರೋಗಿಯೂ ಒಂಟಿಯಲ್ಲ.

ಅಭ್ಯಾಸ

ಅ) ಒಂದೊಂದು ವಾಕ್ಯದಲ್ಲಿ ಉತ್ತರಿಸಿರಿ.
1. ಡಯಾಲಿಸಿಸ್ ಎಂಬ ಹೆಸರನ್ನು ಬಳಕೆಗೆ ತಂದವರು ಯಾರು?
2. ದ್ರವವು ತಿಳಿಯಾಗಿದೆಯೇ ಎಂಬುದನ್ನು ಮನೆಯಲ್ಲಿ ಹೇಗೆ ಪರೀಕ್ಷಿಸುವರು?
3. ಸಿಯಾಟಲ್ ನಗರದ ವಿದ್ಯಾರ್ಥಿನಿಗೆ ಚಿಕಿತ್ಸೆಯ ಅವಕಾಶ ಏಕೆ ದೊರೆಯಲಿಲ್ಲ?

ಆ) ಮೂರು ನಾಲ್ಕು ವಾಕ್ಯಗಳಲ್ಲಿ ಉತ್ತರಿಸಿರಿ.
1. ಉಪ್ಪು ಬೆರೆಸಿದ ಮಾವಿನ ಹೋಳಿನ ಉದಾಹರಣೆಯಿಂದ ಲೇಖಕರು ಏನನ್ನು ವಿವರಿಸಿದ್ದಾರೆ?
2. ಅಜ್ಜಿಯ ತೂಕದ ಅಂಕಿಗಳನ್ನು ಸಾಲಾಗಿ ನೋಡಿದಾಗ ತಿಳಿಯುವುದೇನು?
3. ನೋಟುಪುಸ್ತಕಕ್ಕಿಂತ ಆ್ಯಪ್ ಯಾವ ರೀತಿಯಲ್ಲಿ ಹೆಚ್ಚು ಉಪಯುಕ್ತ?

ಇ) ಸಂದರ್ಭ ಸಹಿತ ವಿವರಿಸಿರಿ.
1. “ಆ ಚೀಲವನ್ನು ಚೆಲ್ಲಬೇಡಿ, ಹಾಗೆಯೇ ತನ್ನಿ.”
2. “ಯಾರೂ ಬೀಗ ತೆಗೆಯದ ಅಂಚೆಪೆಟ್ಟಿಗೆಯಂತಾಗುವುದು.”

ಈ) ‘ಸುಳ್ಳು ಅಂಕಿಯಿಂದ ಮೋಸಹೋಗುವವನು ರೋಗಿಯೇ’ ಎಂಬ ಮಾತನ್ನು ನಿಮ್ಮ ಸ್ವಂತ ಮಾತುಗಳಲ್ಲಿ ಸಮರ್ಥಿಸಿರಿ.